ಜಲಗರ್ಭದ ಹೋಟೆಲಿನಲ್ಲಿ ಮುಷ್ಕರ: ನಗಬೇಕಾದದ್ದು ಯಾರನ್ನು ನೋಡಿ?

ಮಕ್ಕಳ ಗೊಂಬೆ ಚಿತ್ರವೊಂದನ್ನು ಹಿಡಿದುಕೊಂಡು ದುಡಿಯುವವರ ಪತ್ರಿಕೆಯಲ್ಲಿ ಪುಟಗಟ್ಟಲೆ ಬರೆಯುವುದು ತರವೇ ಎಂದು ಕೆಲವು ಗೆಳೆಯರು ಹುಬ್ಬು ಗಂಟಿಕ್ಕಬಹುದು. ಗಂಟಿಕ್ಕಲಿ. ಹನ್ನೊಂದು ನಿಮಿಷದ ಆ ಚಿತ್ರಕ್ಕಾಗಿ ಕಳೆದ ವಾರ ನಮ್ಮ ಸಂಘದ ಕಚೇರಿಯಲ್ಲಿ ರಾತ್ರಿ ಹತ್ತು ಗಂಟೆಯವರೆಗೆ ಜಗಳವಾಯಿತು. ಬೋನಸ್ಸಿನ ವಿಷಯಕ್ಕೂ ಅಷ್ಟು ಹೊತ್ತು ಕೂತು ವಾದಿಸಿದವರಲ್ಲ ನಮ್ಮವರು. ಅಷ್ಟು ಜಗಳಕ್ಕೆ ಕಾರಣವಾದದ್ದರಲ್ಲಿ ಏನೋ ಹುರುಳಿರಲೇಬೇಕು.

ನಡೆದದ್ದು ಇಷ್ಟು. ನೂಲಿನ ಖಾತೆಯ ಒಬ್ಬ ತರುಣ ಕಾರ್ಯಕರ್ತ ತನ್ನ ಮೊಬೈಲಿನಲ್ಲಿ ಆ ಚಿತ್ರವನ್ನು ಎಲ್ಲರಿಗೂ ತೋರಿಸಿದ. ಮಕ್ಕಳಿಗೆ ಮುಷ್ಕರವೆಂದರೇನೆಂಬುದನ್ನು ನಗುನಗುತ್ತ ಕಲಿಸುವ ಚಿತ್ರ ಇದು, ಕಾರ್ಮಿಕ ಕಾಲೊನಿಯ ಹುಡುಗರಿಗೆಲ್ಲ ತೋರಿಸಬೇಕು ಎಂದ. ನಮ್ಮಲ್ಲಿ ಹಿರಿಯರೊಬ್ಬರು ಎದ್ದು ನಿಂತು, ಅಮೆರಿಕದ ಬಂಡವಾಳಗಾರರು ಮುಷ್ಕರವನ್ನು ಕೋಡಂಗಿಯಾಟ ಮಾಡಿ ಮಕ್ಕಳ ತಲೆಗೆ ತುಂಬುತ್ತಿದ್ದಾರೆ, ಇದು ಶುದ್ಧ ವಿಷ ಎಂದರು. ಚಹಾ ತಂದುಕೊಟ್ಟು ಅಲ್ಲೇ ಕೂತು ನೋಡುತ್ತಿದ್ದ ಎದುರು ಬೀದಿಯ ಹೋಟೆಲಿನ ಯಜಮಾನರು, ನಮ್ಮ ಪತ್ರಿಕೆಯ ಹಳೆಯ ಚಂದಾದಾರರು, ಮುಖ ಸಣ್ಣಗೆ ಮಾಡಿಕೊಂಡು ಹೇಳಿದರು: “ಇದು ಕಂಪನಿಯವರನ್ನು ಆಡಿಕೊಂಡದ್ದಲ್ಲ ಸ್ವಾಮಿ, ನನ್ನಂಥವನನ್ನು ಆಡಿಕೊಂಡದ್ದು.”

ಮೂವರೂ ಅರ್ಧರ್ಧ ಸರಿ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಬಿಡಿಸಿ ಹೇಳುವುದಕ್ಕಾಗಿಯೇ ಈ ಲೇಖನ.

ಚಿತ್ರದ ಹೆಸರು ‘ಸ್ಕ್ವಿಡ್ ಆನ್ ಸ್ಟ್ರೈಕ್’. ಅಮೆರಿಕದ ನಿಕಲೋಡಿಯನ್ ಎಂಬ ಮಕ್ಕಳ ವಾಹಿನಿ 1999ರಿಂದ ನಡೆಸಿಕೊಂಡು ಬಂದಿರುವ ‘ಸ್ಪಂಜ್‌ಬಾಬ್ ಸ್ಕ್ವೇರ್‌ಪ್ಯಾಂಟ್ಸ್’ ಸರಣಿಯ ಒಂದು ಕಂತು ಇದು. 2001ರ ಅಕ್ಟೋಬರಿನಲ್ಲಿ ಮೊದಲು ಪ್ರಸಾರವಾಯಿತು. ಸಮುದ್ರದ ತಳದಲ್ಲೊಂದು ಊರು, ಆ ಊರಿನಲ್ಲೊಂದು ಹೋಟೆಲು. ಧಣಿ ಕ್ರ್ಯಾಬ್ಸ್ ಎಂಬ ಏಡಿ. ಕಾಸಿನ ಸದ್ದು ಕೇಳಿದರೆ ಕಣ್ಣರಳಿಸುವ ಜಾತಿ. ಗಲ್ಲಾದ ಮುಂದೆ ಸ್ಕ್ವಿಡ್‌ವರ್ಡ್ ಎಂಬ ಸಿಡುಕ. ಕ್ಲಾರಿನೆಟ್ ಊದುವ ಕಲಾವಿದ ತಾನೆಂಬ ಬಿಗುಮಾನದವನು, ಮಾಡುವ ಕೆಲಸವನ್ನು ದ್ವೇಷಿಸುವವನು. ಒಳಗೆ ಕಾವಲಿಯ ಮುಂದೆ ಸ್ಪಂಜ್‌ಬಾಬ್; ಸಟ್ಟುಗ ಹಿಡಿದರೆ ಸ್ವರ್ಗವೇ ಸಿಕ್ಕಿತೆಂದುಕೊಳ್ಳುವ ಮುಗ್ಧ. ಇವನಷ್ಟು ಪ್ರೀತಿಯಿಂದ ಕೂಲಿ ಮಾಡುವವನನ್ನು ನಾವಂತೂ ಯಾವ ಗಿರಣಿಯಲ್ಲೂ ಕಂಡಿಲ್ಲ.

ಒಂದು ದಿನ ಧಣಿ ಇಬ್ಬರ ಕೈಗೂ ಚೀಟಿ ಕೊಡುತ್ತಾನೆ. ಅದು ಪಗಾರದ ಚೀಟಿಯಲ್ಲ, ಇವರೇ ಅವನಿಗೆ ಕೊಡಬೇಕಾದ ಬಾಕಿಯ ಚೀಟಿ. ಉಸಿರಾಡಿದ್ದಕ್ಕೆ ಇಷ್ಟು, ಬದುಕಿ ಇದ್ದದ್ದಕ್ಕೆ ಇಷ್ಟು ಎಂಬ ಧಾಟಿಯಲ್ಲಿ ಲೆಕ್ಕ. ಸ್ಕ್ವಿಡ್‌ವರ್ಡ್ ಸಿಡಿದೇಳುತ್ತಾನೆ, ಮುಷ್ಕರ ಸಾರುತ್ತಾನೆ, ಏನೂ ತಿಳಿಯದ ಸ್ಪಂಜ್‌ಬಾಬ್‌ನನ್ನು ಜೊತೆಗೆ ಎಳೆದುಕೊಂಡು ಹೊರಗೆ ನಿಲ್ಲುತ್ತಾನೆ. ಸ್ಪಂಜ್‌ಬಾಬ್ ಬರೆದ ಫಲಕದಲ್ಲಿ ತಪ್ಪಾಗುತ್ತದೆ: ಅನ್ಯಾಯ ಎಂಬರ್ಥದ ‘ಅನ್‌ಫೇರ್’ ಪದದ ಹಿಂದೆ ಒಂದಕ್ಷರ ಹೆಚ್ಚಾಗಿ ‘ಫನ್‌ಫೇರ್’, ಅಂದರೆ ಮೋಜಿನ ಜಾತ್ರೆ, ಎಂದಾಗಿಬಿಡುತ್ತದೆ. ಜನ ಜಾತ್ರೆಯೆಂದು ತಿಳಿದು ಒಳಕ್ಕೆ ನುಗ್ಗುತ್ತಾರೆ. ಸ್ಕ್ವಿಡ್‌ವರ್ಡ್ ಜನರ ಮುಂದೆ ಭಾಷಣ ಮಾಡುತ್ತಾನೆ. ದಬ್ಬಾಳಿಕೆಯ ಈ ಕಟ್ಟಡವನ್ನು ಹಲಗೆ ಹಲಗೆಯಾಗಿ ಕಳಚಿ ಹಾಕುತ್ತೇವೆ, ಅಡಿಪಾಯವನ್ನೇ ಗರಗಸದಿಂದ ಕೊಯ್ಯುತ್ತೇವೆ ಎಂಬಂಥ ಮಾತು. ಕೊನೆಗೆ ಧಣಿಯೇ ಬಗ್ಗಿ ರಾಜಿಗೆ ಬರುತ್ತಾನೆ. ಆದರೆ ಅದೇ ರಾತ್ರಿ ಸ್ಪಂಜ್‌ಬಾಬ್, ಭಾಷಣದ ಮಾತನ್ನು ಅಕ್ಷರಶಃ ನಂಬಿ, ಹೋಟೆಲಿಗೆ ಹೋಗಿ ನಿಜವಾಗಿಯೂ ಅದನ್ನು ಗರಗಸದಲ್ಲಿ ಕೊಯ್ದು ಕೆಡವಿರುತ್ತಾನೆ. ನಷ್ಟ ತೀರಿಸುವುದಕ್ಕೆ ಇಬ್ಬರೂ ಎಂದೆಂದಿಗೂ ಅದೇ ಧಣಿಯ ಕೈಕೆಳಗೆ ದುಡಿಯಬೇಕಾಗುತ್ತದೆ. ಸ್ಪಂಜ್‌ಬಾಬ್‌ಗೆ ಅದರಿಂದ ಸಂತೋಷ. ಕತೆ ಮುಗಿಯಿತು.

ಮೊದಲು ಗುಣಗಳನ್ನು ಹೇಳುತ್ತೇವೆ.

ಆ ಚೀಟಿಯ ದೃಶ್ಯಕ್ಕೆ ನಾವು ಕೈಮುಗಿಯುತ್ತೇವೆ. ಉಸಿರಿಗೆ ದಂಡವೆಂದರೆ ಮಕ್ಕಳು ನಗುತ್ತಾರೆ. ಗಿರಣಿಯಲ್ಲಿ ದುಡಿದವರು ನಕ್ಕು, ಆಮೇಲೆ ಸುಮ್ಮನಾಗುತ್ತಾರೆ. ನಮ್ಮ ದೇಶದ ಗಿರಣಿಗಳಲ್ಲಿ ದಂಡದ ಚರಿತ್ರೆ ದೊಡ್ಡದು. ಹಿಂದೆ ಬೊಂಬಾಯಿಯ ಗಿರಣಿಗಳಲ್ಲಿ ಬಟ್ಟೆಯಲ್ಲಿ ದೋಷ ಬಂದರೆ ಆ ಬಟ್ಟೆಯನ್ನೇ ನೇಯ್ದವನ ಹೆಗಲಿಗೆ ಹಾಕಿ ಅದರ ಬೆಲೆಯನ್ನು ಪಗಾರದಲ್ಲಿ ಮುರಿದುಕೊಳ್ಳುವ ಪದ್ಧತಿ ಇತ್ತು. ನೂಲು ಕೆಟ್ಟದ್ದಾಗಿರಲಿ, ಯಂತ್ರ ಮುಪ್ಪಾಗಿರಲಿ, ದಂಡ ಮಾತ್ರ ಕೈಗಳಿಗೆ. 1931ರಲ್ಲಿ ವರದಿಯೊಪ್ಪಿಸಿದ ವಿಟ್ಲಿ ಆಯೋಗ ಈ ದಂಡಗಳ ವಿಷಯವನ್ನು ಎತ್ತಿದ ಮೇಲೆ 1936ರಲ್ಲಿ ವೇತನ ಪಾವತಿ ಕಾಯಿದೆ ಬಂತು. ದಂಡ ರೂಪಾಯಿಗೆ ಅರ್ಧ ಆಣೆ ಮೀರಬಾರದು. ಯಾವ ತಪ್ಪಿಗೆ ದಂಡವೆಂಬುದನ್ನು ಮುಂಚೆಯೇ ಪ್ರಕಟಿಸಿರಬೇಕು. ಕಾರಣ ಹೇಳಲು ಕೆಲಸಗಾರನಿಗೆ ಅವಕಾಶ ಕೊಡಬೇಕು. ದಂಡದ ಹಣ ಧಣಿಯ ಜೇಬಿಗಲ್ಲ, ಕೆಲಸಗಾರರ ಹಿತಕ್ಕೇ ವೆಚ್ಚವಾಗಬೇಕು. ಆಣೆ ಹೋದ ಮೇಲೆ ಅದು ನೂರಕ್ಕೆ ಮೂರಾಯಿತು. 2025ರ ನವೆಂಬರ್ 21ರಂದು ಹಳೆಯ ಕಾಯಿದೆಯ ಜಾಗದಲ್ಲಿ ಹೊಸ ವೇತನ ಸಂಹಿತೆ ಜಾರಿಗೆ ಬಂದಾಗಲೂ ಆ ಮೂರು ಉಳಿದುಕೊಂಡಿದೆ. ತಿಂಗಳಿಗೆ 15,000 ರೂಪಾಯಿ ಪಗಾರದವನಿಗೆ 450 ರೂಪಾಯಿಗಿಂತ ಹೆಚ್ಚು ದಂಡ ಹಾಕುವಂತಿಲ್ಲ. ನಮ್ಮ ಓದುಗರಲ್ಲಿ ಎಷ್ಟು ಮಂದಿಗೆ ಈ ಲೆಕ್ಕ ಗೊತ್ತು? ಕೈಯೆತ್ತಿ ಎಂದರೆ ಎಷ್ಟು ಕೈ ಮೇಲೇಳುತ್ತದೆ ಎಂಬುದು ನಮಗೆ ತಿಳಿದೇ ಇದೆ.

ಪಗಾರದ ಚೀಟಿಯನ್ನು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಓದಬೇಕು, ಒಂದೊಂದು ಕಡಿತಕ್ಕೂ “ಇದೇಕೆ?” ಎಂದು ಕೇಳಬೇಕು ಎಂಬ ಪಾಠವನ್ನು ಆ ಚಿತ್ರ ಒಂದೇ ನಿಮಿಷದಲ್ಲಿ ಕಲಿಸುತ್ತದೆ. ನಾವು ರಾತ್ರಿ ಶಾಲೆಯಲ್ಲಿ ಅದನ್ನು ಕಲಿಸಲು ವರ್ಷಗಳನ್ನೇ ಕಳೆದಿದ್ದೇವೆ.

ಈ ದೃಶ್ಯ ಹುಟ್ಟಿದ್ದು ಗಾಳಿಯಿಂದಲ್ಲ. ಸರಣಿಯನ್ನು ಸೃಷ್ಟಿಸಿದ ಸ್ಟೀಫನ್ ಹಿಲೆನ್‌ಬರ್ಗ್ ಎಂಬವರು (2018ರಲ್ಲಿ ತೀರಿಕೊಂಡರು) ಕ್ಯಾಲಿಫೋರ್ನಿಯದಲ್ಲಿ ಮಕ್ಕಳಿಗೆ ಸಮುದ್ರದ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು. ಅದಕ್ಕೂ ಮುಂಚೆ ಮೇನ್ ಪ್ರಾಂತದ ಮೀನೂಟದ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿದವರು. ಅಲ್ಲಿ ತಮ್ಮ ಮೇಲಿದ್ದ ವ್ಯವಸ್ಥಾಪಕನನ್ನೇ ನೆನೆದು ಏಡಿ ಧಣಿಯನ್ನು ರೂಪಿಸಿದರಂತೆ. ಕಾವಲಿಯ ಮುಂದೆ ಬೆವರು ಸುರಿಸಿದವನಿಗೆ ಮಾತ್ರ ಧಣಿಯ ಕಣ್ಣು ಹೀಗೆ ಕಾಣುತ್ತದೆ. ಮೇಷ್ಟ್ರ ಕೆಲಸ ಬಿಟ್ಟು ಬೇರೆ ದಾರಿ ಹಿಡಿದವರ ಮೇಲೆ ನಮಗೆ ಸ್ವಲ್ಪ ಪಕ್ಷಪಾತವಿದೆಯೆಂದು ಓದುಗರು ಶಂಕಿಸಿದರೆ ನಾವು ಅಲ್ಲವೆನ್ನುವುದಿಲ್ಲ.

ಎರಡನೆಯ ಗುಣ ಗಿರಾಕಿಗಳ ಚಿತ್ರಣ. ಹೊರಗೆ ಇಬ್ಬರು ಫಲಕ ಹಿಡಿದು ನಿಂತಿದ್ದಾರೆ, ಜನ ಅವರನ್ನು ದಾಟಿಕೊಂಡು ತಿನ್ನಲು ಹೋಗುತ್ತಾರೆ. ದುಡಿಯುವವನ ಗತಿ ಏನಾದರೇನು, ತಮಗೆ ಬೇಕಾದದ್ದು ತಕ್ಷಣ ಸಿಕ್ಕರೆ ಸಾಕು ಈ ಜನಕ್ಕೆ ಎಂದು ಸ್ಕ್ವಿಡ್‌ವರ್ಡ್ ಗೊಣಗುತ್ತಾನೆ. ಮಕ್ಕಳ ಚಿತ್ರದಲ್ಲಿ ಇಂಥ ಮಾತು ಬಂದದ್ದು ನಮಗೆ ಆಶ್ಚರ್ಯ. ನಾವೂ ಗಿರಾಕಿಗಳೇ. ಹತ್ತು ನಿಮಿಷದಲ್ಲಿ ಸಾಮಾನು ಮನೆಗೆ ತರುವ ಹುಡುಗರು ಕೆಲಸ ನಿಲ್ಲಿಸಿದ ದಿನ “ಇವತ್ತು ಆರ್ಡರ್ ಬರಲಿಲ್ಲವಲ್ಲ” ಎಂದು ಗೊಣಗಿದವರು ನಮ್ಮ ಸಂಘದವರಲ್ಲೂ ಇದ್ದಾರೆ. ಹೆಸರು ಹೇಳುವುದಿಲ್ಲ.

ಇನ್ನು ದೋಷಗಳು. ಇಲ್ಲಿ ನಮ್ಮ ತರುಣ ಗೆಳೆಯ ಸ್ವಲ್ಪ ತಾಳ್ಮೆಯಿಂದ ಓದಬೇಕು.

ಕತೆಯ ಕಟ್ಟನ್ನು ನೋಡಿ. ಮುಷ್ಕರ ಸೋಲಲಿಲ್ಲ, ಗೆದ್ದಿತು! ಧಣಿ ತಾನಾಗಿ ಇಳಿದು ಬಂದ, ರಾಜಿಯಾಯಿತು. ಇಬ್ಬರೇ ಇಬ್ಬರು ಕೆಲಸಗಾರರು, ಸಂಘವಿಲ್ಲ, ನಿಧಿಯಿಲ್ಲ, ಫಲಕದ ಅಕ್ಷರವೂ ನೆಟ್ಟಗಿಲ್ಲ, ಆದರೂ ಗೆದ್ದರು. ಕತೆ ಬರೆದವರಿಗೆ ಆ ಗೆಲುವನ್ನು ಗೆಲುವಾಗಿಯೇ ಬಿಡಲು ಮನಸ್ಸು ಬರಲಿಲ್ಲ. ಅದನ್ನು ಕೆಡಿಸಬೇಕಿತ್ತು. ಧಣಿಯ ಕೈಯಿಂದ ಕೆಡಿಸಿದ್ದರೆ ಧಣಿ ಕೆಟ್ಟವನಾಗುತ್ತಿದ್ದ. ಪೊಲೀಸರನ್ನು ಕರೆಸಿದ್ದರೆ ಸರಕಾರ ಕೆಟ್ಟದ್ದಾಗುತ್ತಿತ್ತು. ಹಾಗಾಗಿ ಕೆಲಸಗಾರನ ಕೈಗೇ ಗರಗಸ ಕೊಟ್ಟರು. ಮುಷ್ಕರವೆಂದರೆ ಕೊನೆಗೆ ಒಡೆಯುವುದು, ಒಡೆದವನು ಕೊನೆಗೆ ಜೀತಗಾರನಾಗುವುದು, ಇದರಲ್ಲಿ ತಪ್ಪು ಯಾರದೂ ಅಲ್ಲ, ದಡ್ಡತನದ್ದು. ಈ ಪಾಠವನ್ನು ಮಗು ನಗುತ್ತಲೇ ನುಂಗುತ್ತದೆ. ನಮ್ಮ ಹಿರಿಯರು ವಿಷ ಎಂದದ್ದು ಇದನ್ನೇ ಆದರೆ ಅವರ ಮಾತು ಸರಿ.

ಅಷ್ಟೇ ಅಲ್ಲ, ಸ್ಪಂಜ್‌ಬಾಬ್ ಜೀವಮಾನದ ಜೀತಕ್ಕೆ ಖುಷಿಪಡುತ್ತಾನೆ. ಎಲ್ಲರಿಗೂ ಪ್ರಿಯನಾದವನು ಅವನು. ಮಗು ಅವನ ಮುಖವಿರುವ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಶಾಲೆಗೆ ಹೋಗುತ್ತದೆ. ನ್ಯಾಯ ಕೇಳುವವನು ಮಾತ್ರ ಸಿಡುಕ, ಸೋಮಾರಿ, ತಾನೇ ಮೇಲೆಂದುಕೊಳ್ಳುವವನು. ಒಳ್ಳೆಯ ಕೆಲಸಗಾರನಾದರೆ ದಡ್ಡ, ಹಕ್ಕು ಕೇಳುವವನಾದರೆ ಸೋಮಾರಿ: ಇವೆರಡರ ನಡುವೆ ಮೂರನೆಯ ಜಾತಿಯ ಮನುಷ್ಯ ಆ ಊರಿನಲ್ಲಿ ಹುಟ್ಟಿಯೇ ಇಲ್ಲ. ನಮ್ಮ ಗಿರಣಿಗಳಲ್ಲಿ ಹಕ್ಕಿಗಾಗಿ ಮುಂದೆ ನಿಂತವರು ಬಹುಪಾಲು ಕೆಲಸದಲ್ಲೂ ಮುಂದಿದ್ದವರು. ಮಗ್ಗವನ್ನು ಮಗುವಿನಂತೆ ನೋಡಿಕೊಂಡವನಿಗೇ ಮಗ್ಗದ ಮೇಲೆ ಅಧಿಕಾರವಿಲ್ಲದಿರುವುದು ಹೆಚ್ಚು ಉರಿಯುತ್ತದೆ.

ಗೊಂಬೆ ಚಿತ್ರ ಬರೆಯುವವರಿಗೆ ಇದು ತಿಳಿಯದ ವಿಷಯವೇ? ಅವರ ಕಸುಬಿನ ಚರಿತ್ರೆಯನ್ನೇ ನೋಡೋಣ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ, ಏಕೆಂದರೆ ನಮ್ಮ ಓದುಗರಿಗೆ ಇದು ಹೊಸದು. ನಮಗೂ ಮೊನ್ನೆ ಮೊನ್ನೆಯವರೆಗೆ ಹೊಸದೇ.

1937ರಲ್ಲಿ ನ್ಯೂಯಾರ್ಕಿನ ಫ್ಲೈಷರ್ ಸ್ಟುಡಿಯೋದಲ್ಲಿ, ಪಾಪಾಯ್ ಎಂಬ ಸೊಪ್ಪು ತಿನ್ನುವ ನಾವಿಕನ ಚಿತ್ರ ಬರೆಯುತ್ತಿದ್ದ ಕೆಲಸಗಾರರು, ಮುಷ್ಕರ ಹೂಡಿದರು. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಬೀದಿಯಲ್ಲಿದ್ದರು, ಸಂಘಕ್ಕೆ ಮಾನ್ಯತೆ ಪಡೆದರು. ಮುಂದಿನ ವರ್ಷವೇ ಧಣಿಗಳು ಸ್ಟುಡಿಯೋವನ್ನು ಸಂಘಗಳ ಕಾಟ ಕಡಿಮೆಯಿದ್ದ ಫ್ಲಾರಿಡಕ್ಕೆ ಎತ್ತಿಕೊಂಡು ಹೋದರು. 1941ರ ಮೇ 29ರಂದು ಡಿಸ್ನಿಯ ಸ್ಟುಡಿಯೋದಲ್ಲಿ ಮುಷ್ಕರ ಶುರುವಾಯಿತು. ಮುಂದಾಳು ಆರ್ಟ್ ಬ್ಯಾಬಿಟ್. ಈತ ಬಡ ಕೂಲಿಯವನಲ್ಲ, ಆ ಸ್ಟುಡಿಯೋದ ಅತಿ ಹೆಚ್ಚು ಸಂಬಳದ ಕಲಾವಿದರಲ್ಲೊಬ್ಬ. ಕೈಕೆಳಗಿನ ಸಹಾಯಕರಿಗೂ ಬಣ್ಣ ತುಂಬುವ ಹೆಣ್ಣುಮಕ್ಕಳಿಗೂ ಸಿಗುತ್ತಿದ್ದ ಕೂಲಿ ನೋಡಲಾರದೆ ಸಂಘ ಸೇರಿದವನು. ಅದಕ್ಕಾಗಿ ಕೆಲಸದಿಂದ ವಜಾ ಆದವನು. ಇಲ್ಲಿ ಸ್ಕ್ವಿಡ್‌ವರ್ಡ್‌ನ ಸಿಡುಕೂ ಇಲ್ಲ, ಸ್ಪಂಜ್‌ಬಾಬ್‌ನ ದಡ್ಡತನವೂ ಇಲ್ಲ. ನಾವು ಹುಡುಕುತ್ತಿದ್ದ ಆ ಮೂರನೆಯ ಜಾತಿಯ ಮನುಷ್ಯ ಇವನೇ. ವಾಲ್ಟ್ ಡಿಸ್ನಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಇದೆಲ್ಲ ಕಮ್ಯುನಿಸ್ಟರ ಕಿತಾಪತಿ ಎಂದರು. ಕೊನೆಗೆ ಸರಕಾರದ ಮಧ್ಯಸ್ಥಿಕೆಯಿಂದ ಸಂಘ ಗೆದ್ದಿತು. ಅದೇ ವರ್ಷ ಬಿಡುಗಡೆಯಾದ ‘ಡಂಬೋ’ ಎಂಬ ಆನೆಮರಿಯ ಚಿತ್ರದಲ್ಲಿ ಸರ್ಕಸ್ಸಿನ ವಿದೂಷಕರು ಕುಡಿದು, ಧಣಿಯ ಹತ್ತಿರ ಸಂಬಳ ಹೆಚ್ಚು ಕೇಳೋಣವೆಂದು ಹಾಡುತ್ತ ಹೋಗುವ ದೃಶ್ಯವಿದೆ. ಅದು ಮುಷ್ಕರ ಹೂಡಿದವರನ್ನು ಅಣಕಿಸಿದ್ದು ಎಂದು ಅಂದಿನಿಂದಲೂ ಜನ ಹೇಳುತ್ತ ಬಂದಿದ್ದಾರೆ. ಮಕ್ಕಳ ಚಿತ್ರದಲ್ಲಿ ಮುಷ್ಕರದವನನ್ನು ಕೋಡಂಗಿ ಮಾಡುವ ಸಂಪ್ರದಾಯ 2001ರದ್ದಲ್ಲ, ಹೀಗೆ ಹಳೆಯದು.

ಆಮೇಲೆ 1982. ಬೇಸಿಗೆ ಮುಗಿಯುವ ಹೊತ್ತಿಗೆ ಹಾಲಿವುಡ್ಡಿನ ಗೊಂಬೆ ಚಿತ್ರದ ಕೆಲಸಗಾರರು ಮತ್ತೆ ಬೀದಿಗಿಳಿದರು. ಕೂಲಿ ಕಡಿಮೆಯಿರುವ ಪರದೇಶಗಳಿಗೆ ಕೆಲಸ ಸಾಗಿಸುವುದನ್ನು ತಡೆಯಬೇಕೆಂಬುದು ಅವರ ಬೇಡಿಕೆ. ಸೋತರು. ಕೆಲಸ ತೈವಾನಿಗೆ, ಕೊರಿಯಾಕ್ಕೆ ಹರಿಯಿತು. ಆ ವರ್ಷವನ್ನು ನಮ್ಮವರು ಬೇರೊಂದು ಕಾರಣಕ್ಕೆ ನೆನಪಿಟ್ಟುಕೊಂಡಿದ್ದಾರೆ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಬೊಂಬಾಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಅದೂ ಸೋತಿತು. ಕೆಲಸ ಪವರ್‌ಲೂಮುಗಳಿಗೆ ಹರಿಯಿತು. ಕುಂಚ ಹಿಡಿದವನೂ ಲಾಳಿ ಹಿಡಿದವನೂ ಒಂದೇ ವರ್ಷ ಒಂದೇ ರೀತಿ ಏಟು ತಿಂದರು, ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯಲಿಲ್ಲ.

ಈಗ ನಾವು ಕೇಳುತ್ತೇವೆ: ‘ಸ್ಕ್ವಿಡ್ ಆನ್ ಸ್ಟ್ರೈಕ್’ ಕಂತನ್ನು ಚೌಕಟ್ಟು ಚೌಕಟ್ಟಾಗಿ ಬರೆದ ಕೈಗಳು ಯಾರವು? ಕತೆ ಹೆಣೆದದ್ದು ಕ್ಯಾಲಿಫೋರ್ನಿಯದಲ್ಲಿ. ಚಲನೆಯ ಚಿತ್ರಗಳನ್ನು ಸಾವಿರಗಟ್ಟಲೆ ಬರೆದದ್ದು ದಕ್ಷಿಣ ಕೊರಿಯಾದ ರಫ್ ಡ್ರಾಫ್ಟ್ ಎಂಬ ಸ್ಟುಡಿಯೋದಲ್ಲಿ. ಮುಷ್ಕರದ ಫಲಕವನ್ನು ಬರೆದವನು ಆ ಫಲಕವನ್ನು ತಾನು ಹಿಡಿಯಬಹುದೆಂದು ಒಂದು ಕ್ಷಣವಾದರೂ ಯೋಚಿಸಿದನೋ ಏನೋ. ಇದು ದೂರದ ಮಾತಲ್ಲ. ಕೊರಿಯಾದಿಂದ ಮುಂದೆ ಅದೇ ಕೆಲಸ ನಮ್ಮ ಬೆಂಗಳೂರಿಗೂ ಬಂತು. ಪರದೇಶದ ಗೊಂಬೆ ಚಿತ್ರಗಳನ್ನು ಕಂಪ್ಯೂಟರಿನ ಮುಂದೆ ಕೂತು ತಯಾರಿಸುವ ತರುಣರು ಬೆಂಗಳೂರಿನಲ್ಲಿ ಸಾವಿರಾರು. 2025ರ ಫೆಬ್ರವರಿಯಲ್ಲಿ ಫ್ರಾನ್ಸಿನ ಟೆಕ್ನಿಕಲರ್ ಸಂಸ್ಥೆ ಕುಸಿದಾಗ ಬೆಂಗಳೂರು, ಮುಂಬಯಿಗಳ ಅದರ ಶಾಖೆಗಳಲ್ಲಿ ಸಾವಿರಾರು ಮಂದಿಯ ಕೆಲಸ ಏಕಾಏಕಿ ನಿಂತಿತು. ಇವರು ನಿರ್ಮಿಸಿದ ಗೊಂಬೆಗಳನ್ನು ನೋಡಿ ನಮ್ಮ ಮಕ್ಕಳು ನಗುತ್ತಾರೆ. ಇವರನ್ನು ನಾವು ಕಾರ್ಮಿಕರೆಂದು ಎಣಿಸಿದ್ದೇವೆಯೇ? ಅವರಾದರೂ ತಮ್ಮನ್ನು ಹಾಗೆ ಎಣಿಸಿಕೊಂಡಿದ್ದಾರೆಯೇ? ತಾನು ಕಲಾವಿದ, ಗಲ್ಲಾದ ಗುಮಾಸ್ತನಲ್ಲ ಎಂಬ ಬಿಗುಮಾನ ಸ್ಕ್ವಿಡ್‌ವರ್ಡ್‌ನೊಬ್ಬನದೇ ಅಲ್ಲ.

ಹೋಟೆಲಿನ ಇಬ್ಬರು ಕೆಲಸಗಾರರ ಮುಷ್ಕರವೆಂದರೆ ನಗೆಯ ವಸ್ತುವೆಂದು ಕತೆಗಾರರು 2001ರಲ್ಲಿ ಭಾವಿಸಿದರು. ಹನ್ನೊಂದು ವರ್ಷ ಕಳೆಯಿತು. 2012ರ ನವೆಂಬರ್ 29ರಂದು ನ್ಯೂಯಾರ್ಕಿನಲ್ಲಿ ಇಂಥದೇ ತ್ವರಿತ ತಿಂಡಿಯ ಹೋಟೆಲುಗಳ ಸುಮಾರು ಇನ್ನೂರು ಕೆಲಸಗಾರರು ಕಾವಲಿ ಬಿಟ್ಟು ಹೊರಬಂದರು. ಗಂಟೆಗೆ 15 ಡಾಲರ್ ಕೂಲಿ, ಸಂಘ ಕಟ್ಟುವ ಹಕ್ಕು ಬೇಕೆಂದರು. ಆಗ ಕನಿಷ್ಠ ಕೂಲಿ ಗಂಟೆಗೆ 7 ಡಾಲರ್ 25 ಸೆಂಟು. ದೊಡ್ಡ ದೊಡ್ಡವರು ನಕ್ಕರು. 2016ರಲ್ಲಿ ನ್ಯೂಯಾರ್ಕ್ ರಾಜ್ಯ ಹಂತಹಂತವಾಗಿ 15 ಡಾಲರಿಗೆ ಏರಿಸುವ ಕಾಯಿದೆ ಮಾಡಿತು. 2024ರ ಏಪ್ರಿಲ್ 1ರಿಂದ ಕ್ಯಾಲಿಫೋರ್ನಿಯದಲ್ಲಿ ದೊಡ್ಡ ಸರಪಳಿ ಹೋಟೆಲುಗಳ ಕೆಲಸಗಾರರಿಗೆ ಗಂಟೆಗೆ 20 ಡಾಲರ್. ಒಂದು ಹಲಗೆಯನ್ನೂ ಯಾರೂ ಗರಗಸದಿಂದ ಕೊಯ್ಯಲಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ ಕನಿಷ್ಠ ಕೂಲಿ ಮಾತ್ರ 2009ರಿಂದ 7.25ರಲ್ಲೇ ನಿಂತಿದೆಯೆಂಬುದನ್ನೂ ಹೇಳಿಬಿಡುತ್ತೇವೆ, ಸುಳ್ಳು ಗೆಲುವನ್ನು ಹಂಚುವುದು ನಮಗೆ ಬೇಡ.

ಇನ್ನು ಹೋಟೆಲಿನ ಯಜಮಾನರ ದೂರು. ಅದು ನ್ಯಾಯವಾದ ದೂರು. ಕ್ರ್ಯಾಬ್ಸ್ ಯಾವ ಕಂಪನಿಯ ಅಧ್ಯಕ್ಷ? ಒಂದೇ ಹೋಟೆಲು, ಇಬ್ಬರು ಆಳು. ನಮ್ಮ ಬೀದಿಯ ಲೆಕ್ಕದಲ್ಲಿ ಅವನು ಚಿಲ್ಲರೆ ವ್ಯಾಪಾರಿ. ಅವನ ಜಿಪುಣತನವನ್ನು ತೋರಿಸಿ, ನೋಡಿ ಮಕ್ಕಳೇ, ದುಡಿಯುವವನ ಕಷ್ಟಕ್ಕೆಲ್ಲ ಇದೇ ಮೂಲ ಎಂದರೆ ಏನಾಯಿತು? ದುರಾಸೆಯ ಒಬ್ಬ ಮನುಷ್ಯನ ಕತೆಯಾಯಿತು. ಮಳಿಗೆಯ ಬಾಡಿಗೆ, ಗ್ಯಾಸಿನ ಬೆಲೆ, ಬಡ್ಡಿ, ಊಟ ಸಾಗಿಸುವ ಆ್ಯಪಿನವರು ಪ್ರತಿ ಆರ್ಡರಿನಲ್ಲಿ ಮುರಿದುಕೊಳ್ಳುವ ಪಾಲು, ಇವು ಯಾವುವೂ ಸಮುದ್ರದ ತಳದಲ್ಲಿಲ್ಲ. ಚಿತ್ರವನ್ನು ಪ್ರಸಾರ ಮಾಡಿದ ವಾಹಿನಿಯ ಒಡೆತನ ಆಗ ವಯಾಕಾಮ್ ಎಂಬ ದೈತ್ಯ ಸಂಸ್ಥೆಯದು. ದೈತ್ಯನ ವಾಹಿನಿಯಲ್ಲಿ ಕುಳಿತು ಏಡಿಯನ್ನು ನೋಡಿ ನಗಬಹುದು. ದೈತ್ಯನನ್ನು ನೋಡಿ ನಗುವ ಕಂತು ಯಾವತ್ತು ಬರುತ್ತದೆ?

ಆದರೆ ಯಜಮಾನರೇ, ಇಷ್ಟಕ್ಕೆ ನೀವು ಗೆದ್ದಿರೆಂದು ಎದ್ದು ಹೋಗಬೇಡಿ. ಆ್ಯಪಿನವರು ನಿಮ್ಮಲ್ಲಿ ಮುರಿದುಕೊಂಡದ್ದನ್ನು ನೀವು ಮಾಣಿಯ ಪಗಾರದಲ್ಲಿ ಮುರಿದುಕೊಂಡರೆ, ಒಡೆದ ಲೋಟಕ್ಕೆ ಎರಡು ಲೋಟದ ಬೆಲೆ ಹಿಡಿದರೆ, ಆ ಹೊತ್ತಿಗೆ ನಿಮಗೂ ಏಡಿಯ ಕೊಂಡಿ ಮೂಡಿತೆಂದೇ ಅರ್ಥ. ಇದನ್ನು ನಾವು ನಿಮ್ಮ ಎದುರಿಗೇ ಹೇಳಿದ್ದೇವೆ, ನೀವು ನಕ್ಕಿರಿ, ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ವ್ಯಾಪಾರಿಗಳ ವಿಷಯದಲ್ಲಿ ಚಿತ್ರದ ಇನ್ನೊಂದು ಕೊರತೆಯನ್ನು ಹೇಳಲೇಬೇಕು. ಸ್ಕ್ವಿಡ್‌ವರ್ಡ್ ಮುಷ್ಕರದ ದಿನಗಳಲ್ಲಿ ಏನು ತಿಂದ? ಯಾವ ದಿನಸಿ ಅಂಗಡಿಯವನು ಅವನಿಗೆ ಉದ್ರಿ ಕೊಟ್ಟ? ಮುಷ್ಕರ ನಡೆಯುವುದು ಗೇಟಿನ ಮುಂದೆಯಲ್ಲ, ಒಲೆಯ ಮುಂದೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಗಿರಣಿಯಲ್ಲಿ ಇಪ್ಪತ್ತಮೂರು ದಿನ ಕೆಲಸ ನಿಂತಿತ್ತು. ಹನ್ನೆರಡನೆಯ ದಿನ ಮನೆಗಳಲ್ಲಿ ಅಕ್ಕಿ ಮುಗಿಯಿತು. ಆ ಬೀದಿಯ ಒಬ್ಬ ದಿನಸಿ ವ್ಯಾಪಾರಿ, ನಮ್ಮ ಪಕ್ಷದವರಲ್ಲ, ಯಾವ ಪಕ್ಷದವರೂ ಅಲ್ಲ, ಸೋಮವಾರ ತಪ್ಪದೆ ಗುಡಿಗೆ ಹೋಗುವ ಮನುಷ್ಯ, ಖಾತೆ ಪುಸ್ತಕ ತೆರೆದು “ಬರೆಸಿಕೊಂಡು ಹೋಗ್ರೀ” ಎಂದರು. ನಲವತ್ತು ಮನೆಗಳು ಆ ಪುಸ್ತಕದ ಮೇಲೆ ಹನ್ನೊಂದು ದಿನ ನಿಂತವು. ನಮ್ಮ ಭಾಷಣಗಳ ಮೇಲೆ ನಿಂತವೆಂದು ಹೇಳುವ ಧೈರ್ಯ ನಮಗಿಲ್ಲ. ಆ ಪುಸ್ತಕದ ಚಿತ್ರ ಬರೆಯುವ ಕಲಾವಿದ ಅಮೆರಿಕದಲ್ಲೂ ಕೊರಿಯಾದಲ್ಲೂ ಸಿಕ್ಕಲಿಲ್ಲವೇ?

ಭಾಷಣದ ಮಾತು ಬಂದಿತು. ಇದನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವುಂಟು.

ಸ್ಪಂಜ್‌ಬಾಬ್ ಗರಗಸ ಹಿಡಿದದ್ದನ್ನು ಕತೆಗಾರರ ಕುಯುಕ್ತಿ ಎಂದೆವು. ಹೌದು, ಕುಯುಕ್ತಿಯೇ. ಆದರೆ ಆ ದೃಶ್ಯ ನೋಡಿದಾಗ ಕೋಣೆಯಲ್ಲಿ ಎಲ್ಲರೂ ನಕ್ಕರು, ನಮಗೆ ನಗು ಬರಲಿಲ್ಲ. ಶಾಲೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದ ಹೊಸತರಲ್ಲಿ ನಮಗೆ ಮಾತಿನ ಮದ ಇತ್ತು. ತರಗತಿಯ ಮಕ್ಕಳ ಮುಂದೆ ಎರಡಕ್ಷರವನ್ನೂ ಬಿಡಿಸಿ ಹೇಳುತ್ತಿದ್ದವರು, ಗೇಟಿನ ಮುಂದೆ ನಿಂತ ಕೂಡಲೇ ಬಿಡಿಸುವುದನ್ನು ಮರೆತುಬಿಟ್ಟೆವು. ಒಂದು ಗಿರಣಿಯ ಗೇಟಿನ ಮುಂದೆ, “ಈ ಗೇಟನ್ನು ಕಿತ್ತು ಕೆರೆಗೆಸೆಯುವವರೆಗೆ ವಿರಮಿಸುವುದಿಲ್ಲ” ಎಂದೆವು. ಚಪ್ಪಾಳೆ ಬಿತ್ತು. ಮರುದಿನ ರಾತ್ರಿ ಇಬ್ಬರು ಹುಡುಗರು ಹಾರೆ ತೆಗೆದುಕೊಂಡು ಹೋಗಿ ಗೇಟಿನ ಒಂದು ಕಂಬವನ್ನು ಅಲುಗಾಡಿಸಿದರು. ಕೇಸಾಯಿತು. ಮಾತುಕತೆ ಆರು ತಿಂಗಳು ಮುಂದಕ್ಕೆ ಹೋಯಿತು. ಒಬ್ಬ ಹುಡುಗ ಕೆಲಸ ಕಳೆದುಕೊಂಡ, ಈಗ ಬಾಡಿಗೆ ಆಟೋ ಓಡಿಸುತ್ತಾನೆ. ಕೋರ್ಟಿನ ಅಂಗಳದಲ್ಲಿ ಅವನ ತಾಯಿ ನಮ್ಮನ್ನು ನಿಲ್ಲಿಸಿ ಕೇಳಿದರು: “ಮೇಷ್ಟ್ರೇ, ನೀವು ಹೇಳಿದ್ದನ್ನೇ ಅಲ್ವೇನ್ರೀ ಅವನು ಮಾಡಿದ್ದು?”

ರೂಪಕ, ಅಲಂಕಾರ ಎಂದು ಆ ತಾಯಿಗೆ ಹೇಳುವುದು ಸಾಧ್ಯವೇ? ನಾವು ಏನೂ ಹೇಳಲಿಲ್ಲ.

ಆದ್ದರಿಂದ ಆ ಚಿತ್ರದ ವಿಷಯದಲ್ಲಿ ನಮ್ಮ ಸಿಟ್ಟು ಎರಡು ಕಡೆಗೆ ಹರಿಯುತ್ತದೆ. ಸ್ಪಂಜ್‌ಬಾಬ್‌ನನ್ನು ದಡ್ಡನೆಂದು ತೋರಿಸಿದವರ ಮೇಲೆ ಒಂದು ಪಾಲು. ತನ್ನ ಪಕ್ಕದಲ್ಲೇ ಫಲಕ ಹಿಡಿದು ನಿಂತ ಒಬ್ಬನೇ ಒಬ್ಬ ಸಂಗಾತಿಗೆ ನಾವು ಯಾಕೆ ಇಲ್ಲಿ ನಿಂತಿದ್ದೇವೆ, ಏನು ಕೇಳುತ್ತಿದ್ದೇವೆ, ಏನು ಸಿಕ್ಕರೆ ಒಳಗೆ ಹೋಗುತ್ತೇವೆ ಎಂದು ಕೂರಿಸಿಕೊಂಡು ಹೇಳದ ಸ್ಕ್ವಿಡ್‌ವರ್ಡ್‌ನ ಮೇಲೆ ಇನ್ನೊಂದು ಪಾಲು. ಅವನಿಗೆ ಬೇಕಾಗಿದ್ದದ್ದು ಸಂಗಾತಿಯಲ್ಲ, ಸಭಿಕ. ರಾಜಿಯಾದ ಸುದ್ದಿಯನ್ನಾದರೂ ಮೊದಲು ಅವನಿಗೆ ಮುಟ್ಟಿಸಬೇಕಿತ್ತು! ಇಬ್ಬರೇ ಇರುವ ಸಂಘದಲ್ಲೂ ಮುಂದಾಳು ಧಣಿಯೊಡನೆ ಒಬ್ಬನೇ ಕೈ ಕುಲುಕಿದ. ಮುಂದಾಳುಗಳು ಬಾಗಿಲು ಮುಚ್ಚಿಕೊಂಡು ಒಪ್ಪಂದ ಮಾಡಿ ಮರುದಿನ ಗೇಟಿನಲ್ಲಿ ಓದಿ ಹೇಳುವ ಚಾಳಿಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಬಯಲಿಗೆಳೆದಿಲ್ಲ. ಬರೆದವರಿಗೆ ಆ ಉದ್ದೇಶ ಇದ್ದಿತೋ ಇಲ್ಲವೋ, ಅದು ಬೇರೆ ಮಾತು.

ಚಿತ್ರವನ್ನು ಮಕ್ಕಳಿಗೆ ತೋರಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಕಾರ್ಯಸಮಿತಿಯಲ್ಲಿ ಕೈಯೆತ್ತಿ ತೀರ್ಮಾನವಾಯಿತು. ನಮ್ಮ ಹಿರಿಯರು ಕೊನೆಯ ಎರಡು ನಿಮಿಷವನ್ನು ಕತ್ತರಿಸಿ ತೋರಿಸೋಣ ಎಂದರು. ನಾವು ಒಪ್ಪಲಿಲ್ಲ. ಕತ್ತರಿಸಿದ ಚಿತ್ರವನ್ನು ಮಕ್ಕಳು ಮನೆಯಲ್ಲಿ ಪೂರ್ತಿ ನೋಡುತ್ತಾರೆ, ಆಗ ನಮ್ಮನ್ನು ಸುಳ್ಳರೆನ್ನುತ್ತಾರೆ. ಪೂರ್ತಿ ತೋರಿಸಿ, ಆಮೇಲೆ ಕಾಗದ ಪೆನ್ಸಿಲು ಕೊಟ್ಟು, ಧಣಿ ರಾಜಿಗೆ ಬಂದಲ್ಲಿಂದ ಮುಂದಕ್ಕೆ ಕತೆಯನ್ನು ಅವರೇ ಬರೆಯಲಿ ಎಂದೆವು. ಏಳು ಕೈಗಳಿಗೆ ಮೂರು.

ಬರುವ ಭಾನುವಾರ ಸಂಜೆ ಐದು ಗಂಟೆಗೆ ಕಾರ್ಮಿಕ ಕಾಲೊನಿಯ ಶಾಲೆಯ ಹಿಂದಿನ ಗೋದಾಮಿನಲ್ಲಿ ಪ್ರದರ್ಶನ. ಇಂಗ್ಲಿಷಿನ ಮಾತನ್ನು ನಮ್ಮ ತರುಣ ಗೆಳೆಯ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾನೆ. ದಂಡದ ಕಾಯಿದೆಯ ಲೆಕ್ಕವನ್ನು ದೊಡ್ಡವರಿಗೆ ನಮ್ಮ ಹಿರಿಯರು ವಿವರಿಸುವರು. ಎಲ್ಲರೂ ಕಳೆದ ತಿಂಗಳ ಪಗಾರದ ಚೀಟಿ ತರಬೇಕು. ಎದುರು ಬೀದಿಯ ಹೋಟೆಲಿನ ಯಜಮಾನರು ಮಕ್ಕಳಿಗೆಲ್ಲ ಮಂಡಕ್ಕಿ ಕಳಿಸಲು ಒಪ್ಪಿದ್ದಾರೆ. ಅವರ ಹೋಟೆಲಿನ ಮಾಣಿಗಳಿಗೂ ಆ ಎರಡು ಗಂಟೆ ಪಗಾರ ಹಿಡಿಯದೆ ಬಿಡುವು ಕೊಡಬೇಕೆಂದು ಕೇಳಿದ್ದೇವೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.